ಓಮ್ನಿಯಲ್ಲಿ ಘಾಟಿ ಪರಿಷೆಗೆ

ಗುಜರಿಯವರು ವ್ಯಾನಿನ ಬಾಗಿಲನ್ನು ಎರಡು ಸಲ ಬಡಿದು ನೋಡಿ, "ಇಪ್ಪತ್ತೆರಡು ಸಾವಿರ, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ ಸಾರ್" ಎಂದರು. ಅಪ್ಪ ನನ್ನ ಮುಖ ನೋಡಿದರು. ಆ ಹಣಕ್ಕೆ ನಾನು ಟ್ಯೂಷನ್ ಹೇಳಿ ಕೂಡಿಟ್ಟಿದ್ದನ್ನೂ ಸೇರಿಸಿದರೆ ನನಗೊಂದು ಲ್ಯಾಪ್‌ಟಾಪ್ ಬರುತ್ತಿತ್ತು. ಮೂರನೇ ವರ್ಷದ ಬಿಇ, ಮುಂದಿನ ವರ್ಷ ಪ್ಲೇಸ್‌ಮೆಂಟ್. ಲ್ಯಾಪ್‌ಟಾಪ್ ಬೇಕೇ ಬೇಕು. ಆದರೂ ನಾನು "ಬೇಡಪ್ಪ, ಇರಲಿ" ಎಂದುಬಿಟ್ಟೆ.

ಅದು 2009ರ ಮಾಡೆಲ್ ಮಾರುತಿ ಓಮ್ನಿ. ಅಪ್ಪ ಎಲೆಕ್ಟ್ರಿಷಿಯನ್. ವೈರ್ ಸುರುಳಿ, ಏಣಿ, ಡ್ರಿಲ್ಲಿಂಗ್ ಮಷಿನ್ ಹೊತ್ತು ಯಲಹಂಕದಿಂದ ಹೆಬ್ಬಾಳ, ಆರ್.ಟಿ. ನಗರದವರೆಗೆ ಓಡಾಡಲೆಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದರು. 2024ರಲ್ಲಿ ವ್ಯಾನಿಗೆ 15 ವರ್ಷ ತುಂಬಿದಾಗ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ ಆರ್‌ಸಿ ನವೀಕರಿಸಿಕೊಂಡರು. ಆಮೇಲೆ ಜಕ್ಕೂರಿನ ಅಪಾರ್ಟ್‌ಮೆಂಟೊಂದರಲ್ಲಿ ಕಾಯಂ ಕೆಲಸ ಸಿಕ್ಕಿತು. ಸ್ಕೂಟರ್ ಸಾಕಾಯಿತು. ಓಮ್ನಿ ಮನೆ ಮುಂದಿನ ಹೊಂಗೆ ಮರದ ಕೆಳಗೆ ಎಲೆ ಹೊದ್ದು ನಿಂತಿತು.

ನನಗೆ ಅದನ್ನು ಉಳಿಸಿಕೊಳ್ಳುವ ಹುಚ್ಚು ಹತ್ತಿದ್ದು ಮೊಬೈಲಿನಿಂದ. ವ್ಯಾನಿನ ಹಿಂದಿನ ಬಾಗಿಲು ತೆರೆದರೆ ಎದುರಿಗೆ ಬೆಟ್ಟ, ಮಂಜು, ಕೈಯಲ್ಲಿ ಕಾಫಿ ಕಪ್ಪು, ಕೆಳಗೆ "ಪರಿಸರಸ್ನೇಹಿ ಪ್ರವಾಸ" ಎಂಬ ಸಾಲು. ಇಂಥ ರೀಲ್‌ಗಳನ್ನು ನೀವೂ ನೋಡಿರುತ್ತೀರಿ. ಪಕ್ಕದ ಕೇರಳದಲ್ಲಿ 2021ರಲ್ಲಿ ಸರ್ಕಾರವೇ ಕ್ಯಾರವಾನ್ ಪ್ರವಾಸ ಯೋಜನೆ ಆರಂಭಿಸಿತು. ನಮ್ಮ ಬೆಂಗಳೂರಿನಲ್ಲೂ ಎಸಿ, ಫ್ರಿಜ್, ಶವರ್ ಇರುವ ಕ್ಯಾಂಪರ್‌ಗಳು ಬಾಡಿಗೆಗೆ ಸಿಗುತ್ತವೆ. ಬಾಡಿಗೆ ಕೇಳಿದರೆ ನಮ್ಮಂಥವರಿಗೆ ತಲೆ ತಿರುಗುತ್ತದೆ, ಆ ಮಾತು ಬೇರೆ. ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ: ವ್ಯಾನಿನಲ್ಲಿ ಮಲಗಿ ಊರು ಸುತ್ತಿದರೆ ಅದು ನಿಜವಾಗಿಯೂ ಪರಿಸರಸ್ನೇಹಿಯೇ? ಮೆಕ್ಯಾನಿಕಲ್ ಓದುವವಳಿಗೆ ಇಷ್ಟು ಲೆಕ್ಕ ಹಾಕಲು ಬಾರದಿದ್ದರೆ ಹೇಗೆ? ಅದನ್ನೇ ಮಿನಿ ಪ್ರಾಜೆಕ್ಟ್ ಮಾಡಿಕೊಂಡೆ.

ಇನ್ನೊಂದು ಕಾರಣವೂ ಇತ್ತು. ಅದು ಅಜ್ಜಿ.

ಅಜ್ಜಿಯ ಹರಕೆ

ಮದುವೆಯಾಗಿ ಏಳು ವರ್ಷವಾದರೂ ಅಪ್ಪ-ಅಮ್ಮನಿಗೆ ಮಕ್ಕಳಾಗಿರಲಿಲ್ಲವಂತೆ. ದೊಡ್ಡಬಳ್ಳಾಪುರದ ಆಚೆಗಿನ ಘಾಟಿ ಸುಬ್ರಹ್ಮಣ್ಯದಲ್ಲಿ ಮಕ್ಕಳಿಗಾಗಿ ಹರಕೆ ಹೊತ್ತು ನಾಗರಕಲ್ಲು ಪ್ರತಿಷ್ಠೆ ಮಾಡಿಸುವ ಪದ್ಧತಿ ಈ ಭಾಗದ ಎಲ್ಲರಿಗೂ ಗೊತ್ತು. ಅಜ್ಜಿಯೂ ಹರಕೆ ಹೊತ್ತಿದ್ದರು. ನಾನು ಹುಟ್ಟಿದೆ, ಕಲ್ಲು ನಿಂತಿತು. ಕೊರೊನಾ ಬರುವವರೆಗೆ ಪ್ರತಿ ವರ್ಷ ಹೋಗಿ ಆ ಕಲ್ಲಿಗೆ ಅರಿಶಿನ-ಕುಂಕುಮ ಇಟ್ಟು ಬರುತ್ತಿದ್ದರು. ಈಗ ಎರಡೂ ಮಂಡಿ ಮಡಚುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾರರು, ಕಾಲು ಇಳಿಬಿಟ್ಟು ಅರ್ಧ ಗಂಟೆ ಕೂತರೆ ಊದಿಕೊಳ್ಳುತ್ತದೆ. ಶಕ್ತಿ ಯೋಜನೆ ಬಂದು ಬಸ್ಸು ಪುಕ್ಕಟೆಯಾದಾಗ ಅಜ್ಜಿ ನಗುತ್ತಾ, "ಕಾಲಿದ್ದಾಗ ಕಾಸಿರ್ಲಿಲ್ಲ, ಕಾಸು ಬೇಡ ಅಂದಾಗ ಕಾಲಿಲ್ಲ" ಎಂದಿದ್ದರು.

ವ್ಯಾನಿನಲ್ಲೇ ಮಲಗುವ ವ್ಯವಸ್ಥೆ ಮಾಡುತ್ತೇನೆ ಎಂದಾಗ ಇಡೀ ಮನೆಯಲ್ಲಿ ಆಶ್ಚರ್ಯಪಡದವರು ಅವರೊಬ್ಬರೇ.

"ಇದೇನ್ ಹೊಸದು ಅಮ್ಮಣ್ಣಿ? ನಾವು ಘಾಟಿ ಪರ್ಸೆಗೆ ಹಂಗೇ ಅಲ್ವಾ ಹೋಗ್ತಿದ್ದುದ್ದು?"

ಅಜ್ಜಿಯ ತವರು ರಾಜಾನುಕುಂಟೆ ಹತ್ತಿರದ ಹಳ್ಳಿ. ಘಾಟಿಯಲ್ಲಿ ಡಿಸೆಂಬರ್-ಜನವರಿ ಹೊತ್ತಿಗೆ ದನಗಳ ಜಾತ್ರೆ ಸೇರುತ್ತದೆ, ಪುಷ್ಯ ಶುದ್ಧ ಷಷ್ಠಿಗೆ ರಥೋತ್ಸವ. ಅಜ್ಜಿಯ ಅಪ್ಪ ಎತ್ತಿನ ಜೋಡಿ ಮಾರಲು ಹೋಗುವಾಗ ಮನೆಮಂದಿಯೆಲ್ಲ ಕಮಾನು ಗಾಡಿಯಲ್ಲಿ ಹೊರಡುತ್ತಿದ್ದರಂತೆ. ರಾತ್ರಿ ಊಟ ಮುಗಿಸಿ ಗಾಡಿ ಕಟ್ಟಿದರೆ ಬೆಳಗಾಗುವ ಹೊತ್ತಿಗೆ ಘಾಟಿ. ಗಾಡಿಯೊಳಗೆ ಹುಲ್ಲು ಹಾಸಿ ಮೇಲೆ ಕಂಬಳಿ, ಅದರ ಮೇಲೆ ಹೆಂಗಸರು ಮಕ್ಕಳು. ಗಾಡಿಯ ಕೆಳಗೆ ಗಂಡಸರು. ಮೂರು ಕಲ್ಲು ಹೂಡಿ ಮುದ್ದೆ-ಹುರುಳಿ ಸಾರು. ನಾಲ್ಕೈದು ದಿನ ಅಲ್ಲೇ ವಾಸ. ಹಾಸಿದ ಹುಲ್ಲೇ ವಾಪಸು ಬರುವಾಗ ಎತ್ತಿನ ಮೇವು, ಸಗಣಿ ಗೊಬ್ಬರ. ಬಿಟ್ಟುಬರುತ್ತಿದ್ದುದು ಒಲೆಯ ಬೂದಿ ಮಾತ್ರ.

ಈ ಕಥೆಯನ್ನು ಗದಗ ಕಡೆಯ ನನ್ನ ಗೆಳತಿಗೆ ಹೇಳಿದರೆ ಅವಳಿಗೂ ಹೊಸದೆನ್ನಿಸಲಿಲ್ಲ. "ನಮ್ಮಲ್ಲೆ ಈಗೂ ಹಂಗ ಐತಿ. ಎಲ್ಲಮ್ಮನ ಗುಡ್ಡಕ್ಕ ಮೊದಲ ಚಕ್ಕಡಿ ಕಟ್ಕೊಂಡು ಹೋಗ್ತಿದ್ರು, ಈಗ ಟ್ರ್ಯಾಕ್ಟರ್ ಟ್ರೇಲರ್‌ಗೆ ತಾಡಪತ್ರಿ ಕಟ್ಟಿ ಹೋಗ್ತೇವಿ. ಅಲ್ಲೇ ಅಡಿಗಿ, ಅಲ್ಲೇ ನಿದ್ದಿ" ಎಂದಳು. ವ್ಯಾನ್‌ಲೈಫ್ ಎಂಬ ಹೆಸರೊಂದೇ ಹೊಸದು.

ಕಾನೂನು ಮೊದಲು, ಹಲಗೆ ಆಮೇಲೆ

ಕೆಲಸ ಶುರುಮಾಡುವ ಮುನ್ನ ತಿಳಿದುಕೊಂಡ ಮುಖ್ಯ ವಿಷಯ: ಗಾಡಿಯನ್ನು ನಮಗೆ ಬೇಕಾದಂತೆ ಬದಲಾಯಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಭಿನ್ನವಾಗುವಂತೆ ಮಾರ್ಪಾಡು ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟಪಡಿಸಿತು. ಅಧಿಕೃತ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಆದ್ದರಿಂದ ಸೀಟು ಕೀಳಲಿಲ್ಲ, ವೆಲ್ಡಿಂಗ್ ಮಾಡಲಿಲ್ಲ, ಬಾಡಿಗೆ ಒಂದು ತೂತೂ ಕೊರೆಯಲಿಲ್ಲ. ಹಿಂದಿನ ಸೀಟು ಮಡಚಿ ಅದರ ಮೇಲೆ ಎರಡು ಹಲಗೆ ಜೋಡಿಸಿದರೆ ಹಾಸಿಗೆ, ಹಲಗೆ ತೆಗೆದರೆ ಮಾಮೂಲಿ ಓಮ್ನಿ. ಪ್ಲೈವುಡ್ ಅಪ್ಪನ ಅಪಾರ್ಟ್‌ಮೆಂಟ್‌ನಲ್ಲಿ ಇಂಟೀರಿಯರ್ ಕೆಲಸ ಮುಗಿದು ಉಳಿದದ್ದು.

100 ವ್ಯಾಟ್‌ನ ಸೋಲಾರ್ ಪ್ಯಾನಲ್, 12 ವೋಲ್ಟ್ 40 ಎಎಚ್ ಬ್ಯಾಟರಿ, ಚಾರ್ಜ್ ಕಂಟ್ರೋಲರ್, ಪುಟ್ಟ ಡಿಸಿ ಫ್ಯಾನ್, ಎರಡು ಎಲ್‌ಇಡಿ ದೀಪ, ಒಂದು ಕೆ.ಜಿ.ಯ ಬೆಂಕಿ ನಂದಿಸುವ ಸಿಲಿಂಡರ್, ಕಿಟಕಿಗೆ ಸೊಳ್ಳೆ ಪರದೆ. ಎಲ್ಲ ಸೇರಿ 11,600 ರೂಪಾಯಿ. ಲ್ಯಾಪ್‌ಟಾಪ್ ಡಬ್ಬಿ ಅರ್ಧ ಖಾಲಿ.

ವಿದ್ಯುತ್ತಿನ ಲೆಕ್ಕ ಹೀಗಿತ್ತು. 12 ವೋಲ್ಟ್ ಗುಣಿಸು 40 ಎಎಚ್ ಅಂದರೆ 480 ವ್ಯಾಟ್‌ಅವರ್. ಲೆಡ್ ಆ್ಯಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಅಲ್ಲಿಗೆ ಉಳಿದದ್ದು 240. ಫ್ಯಾನ್ 18 ವ್ಯಾಟ್, ಎಂಟು ಗಂಟೆಗೆ 144. ದೀಪಗಳಿಗೆ 40. ನಾಲ್ಕು ಮೊಬೈಲ್‌ಗೆ ಸುಮಾರು 60. ಒಟ್ಟು 244. ಅಪ್ಪನಿಗೆ ತೋರಿಸಿದೆ. "ಕಾಗದದ ಮೇಲೆ ಎಲ್ಲ ಚೆನ್ನಾಗೇ ಓಡುತ್ತೆ" ಎಂದು ನಕ್ಕರು.

ಮೂರು ಗಂಟೆಗೆ ನಿಂತ ಫ್ಯಾನ್

ಡಿಸೆಂಬರ್ ಕೊನೆಯ ಒಂದು ಗುರುವಾರ ಹೊರಟೆವು. ಅಪ್ಪ ಸ್ಟಿಯರಿಂಗ್ ಮುಂದೆ, ಪಕ್ಕದಲ್ಲಿ ಅಮ್ಮ, ಹಿಂದಿನ ಸೀಟಿನಲ್ಲಿ ಅಜ್ಜಿ. ಅವರ ಕಾಲು ನನ್ನ ತೊಡೆಯ ಮೇಲೆ. ರಾಜಾನುಕುಂಟೆ ದಾಟುವಾಗ ಅಜ್ಜಿ ಕಿಟಕಿಯಿಂದ ತವರಿನ ದಾರಿ ತೋರಿಸಿದರು. ಈಗ ಅಲ್ಲಿ ಲೇಔಟ್ ಬೋರ್ಡುಗಳು. ದೊಡ್ಡಬಳ್ಳಾಪುರದಲ್ಲಿ ಟೀ. ಮಧ್ಯಾಹ್ನದ ಹೊತ್ತಿಗೆ ಘಾಟಿ.

ಅಂಗಡಿಯವರೊಬ್ಬರನ್ನು ಕೇಳಿ, ಅವರ ಜಾಗದ ಹುಣಸೆ ಮರದ ಕೆಳಗೆ ವ್ಯಾನ್ ನಿಲ್ಲಿಸಿದೆವು. ಸಂಜೆ ಅಜ್ಜಿಯನ್ನು ಮೆಲ್ಲಗೆ ನಡೆಸಿಕೊಂಡು ನಾಗರಕಲ್ಲುಗಳ ಸಾಲಿಗೆ ಹೋದೆವು. ನೂರಾರು ಕಲ್ಲುಗಳಲ್ಲಿ ನಮ್ಮದನ್ನು ಅಜ್ಜಿ ದೂರದಿಂದಲೇ ಗುರುತಿಸಿದರು. ನನಗೆ ಎಲ್ಲವೂ ಒಂದೇ ಥರ ಕಂಡವು. ಬಗ್ಗಲು ಆಗದ್ದಕ್ಕೆ ನನ್ನ ಕೈಗೆ ಕುಂಕುಮ ಕೊಟ್ಟು, "ನೀನೇ ಇಡು, ನಿಂದೇ ಅಲ್ವಾ" ಎಂದರು. ನನಗೆ ಹರಕೆಗಳಲ್ಲಿ ಅಷ್ಟಾಗಿ ನಂಬಿಕೆ ಇಲ್ಲ. ಆದರೂ ಆ ಹೊತ್ತಿನಲ್ಲಿ ಕೈ ಯಾಕೋ ನಡುಗಿತು.

ರಾತ್ರಿ ಅಜ್ಜಿ, ಅಮ್ಮ ಹಲಗೆಯ ಮೇಲೆ. ನಾನು ಮುಂದಿನ ಸೀಟಿನಲ್ಲಿ ಮುದುಡಿಕೊಂಡೆ. ಅಪ್ಪ ಹೊರಗೆ ವ್ಯಾನಿಗೆ ಟಾರ್ಪಾಲಿನ್ ಕಟ್ಟಿ ಚಾಪೆ ಹಾಸಿದರು. "ಗಾಡಿ ಕೆಳಗೆ ನಮ್ಮಪ್ಪ ಮಲಗ್ತಿದ್ದಂಗೇ ಅದೆ" ಎಂದರು ಅಜ್ಜಿ.

ಚಳಿಗಾಲದಲ್ಲಿ ಫ್ಯಾನ್ ಯಾಕೆ ಎನ್ನಬೇಡಿ. ಮೂವರ ಉಸಿರಿಗೆ ಗಾಜೆಲ್ಲ ಬೆವರುತ್ತದೆ, ಸೊಳ್ಳೆ ಬೇರೆ. ಬೆಳಗಿನ ಜಾವ ಮೂರಕ್ಕೆ ಫ್ಯಾನ್ ನಿಂತಿತು. ಬ್ಯಾಟರಿ ಕಟ್ ಆಫ್. ಎಲ್ಲಿ ತಪ್ಪಿತು? ಮೊಬೈಲ್ ಚಾರ್ಜರ್‌ಗೆಂದು ಇಟ್ಟಿದ್ದ ಚಿಕ್ಕ ಇನ್ವರ್ಟರನ್ನು ಆನ್ ಮಾಡಿದವಳು ಆರಿಸಿರಲಿಲ್ಲ. ಏನೂ ಚಾರ್ಜ್ ಆಗದಿದ್ದರೂ ಅದು ತನ್ನಷ್ಟಕ್ಕೆ ಹತ್ತು ವ್ಯಾಟ್ ನುಂಗುತ್ತಲೇ ಇತ್ತು. ಡಿಸಿಯನ್ನು ಎಸಿ ಮಾಡಿ, ಚಾರ್ಜರ್ ಮತ್ತೆ ಅದನ್ನು ಡಿಸಿ ಮಾಡಿ, ಎರಡು ಕಡೆ ನಷ್ಟ. ಅಪ್ಪ ಬೆಳಿಗ್ಗೆ ಇನ್ವರ್ಟರನ್ನೇ ಕಿತ್ತಿಟ್ಟು ಕಾರಿನ ಯುಎಸ್‌ಬಿ ಸಾಕೆಟ್ ಹಾಕಿದರು. ಪುಸ್ತಕದಲ್ಲಿ ಎಫಿಷಿಯನ್ಸಿ ಎಂದು ಐದು ಅಂಕದ ಪ್ರಶ್ನೆಗೆ ಉತ್ತರ ಬರೆದಿದ್ದೆ. ಸೊಳ್ಳೆ ಕಚ್ಚಿದಾಗ ಅರ್ಥವಾಯಿತು.

ಎರಡನೆಯ ತಪ್ಪು ಮರದ ನೆರಳು. ವ್ಯಾನ್ ತಂಪಾಗಿರಲೆಂದು ನೆರಳಿಗೆ ನಿಲ್ಲಿಸಿದ್ದೆವು, ಪ್ಯಾನಲನ್ನು ಅದರ ಮೇಲೆಯೇ ಕಟ್ಟಿದ್ದೆವು. ಪ್ಯಾನಲ್‌ನ ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುವುದರಿಂದ ನಾಲ್ಕೈದು ಸೆಲ್ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟು ಕುಸಿಯುತ್ತದೆ. ಬೆಳಿಗ್ಗೆಯೆಲ್ಲ ಸೇರಿ ಸಿಕ್ಕಿದ್ದು 60 ವ್ಯಾಟ್‌ಅವರ್. ಮಧ್ಯಾಹ್ನ ನಂದಿ ಗ್ರಾಮದಲ್ಲಿ ಪ್ಯಾನಲ್ ಕೆಳಗಿಳಿಸಿ, ಐದು ಮೀಟರ್ ದಪ್ಪ ವೈರ್ ಎಳೆದು ಬಿಸಿಲಿಗೆ ಓರೆಯಾಗಿ ನಿಲ್ಲಿಸಿದೆವು. ಎರಡರಿಂದ ಐದು ಗಂಟೆಯೊಳಗೆ 190. ವ್ಯಾನ್ ನೆರಳಿಗೆ, ಪ್ಯಾನಲ್ ಬಿಸಿಲಿಗೆ. ಇಷ್ಟೇ ಗುಟ್ಟು.

ರೀಲ್‌ನಲ್ಲಿ ತೋರಿಸದ ವಿಷಯ

ಹುಡುಗಿಯಾಗಿ ಒಂದು ವಿಷಯ ಬಿಡಿಸಿ ಹೇಳಲೇಬೇಕು: ಶೌಚಾಲಯ. ರಾತ್ರಿ ನಾವು ನಿಂತ ಜಾಗದಿಂದ ಶೌಚಾಲಯ ಇನ್ನೂರು ಹೆಜ್ಜೆ. ನಾನು, ಅಮ್ಮ ಟಾರ್ಚ್ ಹಿಡಿದು ಹೋಗಿಬಂದೆವು. ಅಜ್ಜಿಗೆ ಅದು ಆಗದ ಮಾತು. ಮನೆಯಲ್ಲಿ ಬಳಸುವ ಕಮೋಡ್ ಚೇರ್, ಮುಚ್ಚಳದ ಬಕೆಟ್ ತಂದಿದ್ದೆವು. ಬೆಳಿಗ್ಗೆ ಅದನ್ನು ಶೌಚಾಲಯಕ್ಕೆ ಸುರಿದು ತೊಳೆದು ತಂದವರು ಅಪ್ಪ. ಯಾರಿಗೂ ಹೇಳಲಿಲ್ಲ, ಮುಖ ಸಿಂಡರಿಸಲಿಲ್ಲ. ವ್ಯಾನಿನಲ್ಲಿ ಬದುಕುವುದೆಂದರೆ ನಮ್ಮ ಕೊಳೆಯನ್ನು ನಾವೇ ಹೊತ್ತು ಸರಿಯಾದ ಜಾಗಕ್ಕೆ ಮುಟ್ಟಿಸುವುದು. ಅದನ್ನು ಪೊದೆಗೋ ಕೆರೆಗೋ ಬಿಟ್ಟು ಬಂದು "ನೇಚರ್ ಲವರ್" ಎಂದು ಬರೆದುಕೊಂಡರೆ ಏನರ್ಥ?

ನೀರಿನ ಲೆಕ್ಕ ಇನ್ನೊಂದು ಪಾಠ. ನಗರದ ನೀರು ಸರಬರಾಜಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವಿದೆ. ಕುಡಿಯಲು, ಅಡುಗೆಗೆ, ಪಾತ್ರೆ, ಮುಖ ತೊಳೆಯಲು ಎಲ್ಲ ಸೇರಿ ನಾಲ್ವರೂ ಎರಡು ರಾತ್ರಿ ಬಳಸಿದ್ದು 20 ಲೀಟರಿನ ಮೂರು ಕ್ಯಾನ್. ಸ್ನಾನ ಮತ್ತು ಶೌಚಾಲಯ ಹೊರಗೇ ಆದ್ದರಿಂದ ಇದು ಪೂರ್ತಿ ಲೆಕ್ಕವಲ್ಲ, ನಿಜ. ಆದರೆ ಕ್ಯಾನ್ ಎತ್ತಿ ಸುರಿಯುವಾಗ ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದವರಿಗೆ ಇದು ಗೊತ್ತು. ಮನೆಗೆ ಬಂದ ಮೇಲೂ ಪಾತ್ರೆ ತೊಳೆಯುವಾಗ ನಾನು ನಲ್ಲಿ ಬಿಟ್ಟು ನಿಲ್ಲುವುದಿಲ್ಲ.

ಎರಡನೇ ರಾತ್ರಿ ನಂದಿಯ ಹತ್ತಿರ ಅಮ್ಮನ ದೊಡ್ಡಮ್ಮನ ಮಗನ ದ್ರಾಕ್ಷಿ ತೋಟದಲ್ಲಿ. ಬೆಟ್ಟದ ಮೇಲಕ್ಕೆ ಹೋಗಲಿಲ್ಲ. ವಾರಾಂತ್ಯದ ನಸುಕಿನಲ್ಲಿ ಸೂರ್ಯೋದಯ ನೋಡಲು ಆ ರಸ್ತೆಯಲ್ಲಿ ನಿಲ್ಲುವ ವಾಹನಗಳ ಸಾಲಿಗೆ ನಮ್ಮದೂ ಒಂದು ಬೇಡವೆನಿಸಿತು. ಕೆಳಗಿನ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಅರ್ಧ ದಿನ ಕಳೆದೆವು. ಆ ರಾತ್ರಿ ನಾನೂ ಹೊರಗೆ ಅಪ್ಪನ ಪಕ್ಕ ಚಾಪೆ ಹಾಸಿದೆ. ಇಪ್ಪತ್ತು ವರ್ಷದಲ್ಲಿ ಅಪ್ಪ ಮೊದಲ ಸಲ ತಾನು ಪಿಯುಸಿ ಬಿಟ್ಟ ಕಥೆ ಹೇಳಿದರು. ಓಮ್ನಿ ಯಾಕೆ ಮಾರಲು ಮನಸ್ಸಿರಲಿಲ್ಲ ಎನ್ನುವುದನ್ನೂ. ಅದು ಅವರು ಸ್ವಂತ ದುಡಿಮೆಯಲ್ಲಿ ಕೊಂಡ ಮೊದಲ ನಾಲ್ಕು ಚಕ್ರ.

ಹಾಗಾದರೆ ಪರಿಸರಸ್ನೇಹಿಯೇ?

ವಾಪಸು ಬಂದು ಟ್ಯಾಂಕ್ ತುಂಬಿಸಿ ನೋಡಿದೆ. 128 ಕಿ.ಮೀ.ಗೆ ಒಂಬತ್ತೂವರೆ ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. ಒಟ್ಟು 22 ಕೆ.ಜಿ., ತಲೆಗೆ ಐದೂವರೆ.

ಅದೇ ದೂರಕ್ಕೆ ಲೀಟರಿಗೆ ನಾಲ್ಕೂವರೆ ಕಿ.ಮೀ. ಓಡುವ ಡೀಸೆಲ್ ಬಸ್ಸನ್ನು ತೆಗೆದುಕೊಳ್ಳಿ. ಡೀಸೆಲ್‌ಗೆ ಲೀಟರಿಗೆ ಸುಮಾರು 2.7 ಕೆ.ಜಿ. ಐವತ್ತು ಜನರಿದ್ದರೆ ತಲೆಗೆ ಒಂದೂವರೆ ಕೆ.ಜಿ., ಅರ್ಧ ಖಾಲಿ ಇದ್ದರೂ ಮೂರು. ಲೀಟರಿಗೆ ಏಳು ಕಿ.ಮೀ. ಕೊಡುವ ದೊಡ್ಡ ಕ್ಯಾಂಪರ್‌ನಲ್ಲಿ ಇಬ್ಬರೇ ಹೋದರೆ? ತಲೆಗೆ ಸುಮಾರು 25 ಕೆ.ಜಿ.! ಮೇಲೆ ಎಷ್ಟೇ ಸೋಲಾರ್ ಹಾಕಿದರೂ ಅದು ಓಡಿಸುವುದು ದೀಪ, ಫ್ಯಾನುಗಳನ್ನು. ಚಕ್ರ ತಿರುಗಿಸುವುದು ಡೀಸೆಲ್ಲೇ. ಜೊತೆಗೆ ನಮ್ಮದು ಬಿಎಸ್-3 ಕಾಲದ ಎಂಜಿನ್. ಹೊಸ ಗಾಡಿಗಿಂತ ಅದರ ಹೊಗೆ ಕೆಟ್ಟದ್ದು.

ಸಂಜೆ ಅಪ್ಪ ಕೇಳಿದರು, "ಏನಂತು ನಿನ್ನ ಪ್ರಾಜೆಕ್ಟು?" ಮುಚ್ಚುಮರೆ ಇಲ್ಲದೆ ಹೇಳಿದೆ: "ಬಸ್ಸೇ ಗೆದ್ದಿತಪ್ಪ."

ಹಾಗೆಂದು ವ್ಯಾನ್ ಸೋತಿತು ಎನ್ನಲಾರೆ. ಹೋಟೆಲ್ ರೂಮಿಲ್ಲ, ಒಂದೂ ನೀರಿನ ಬಾಟಲಿ ಕೊಳ್ಳಲಿಲ್ಲ, ಎರಡೇ ಊರಿನಲ್ಲಿ ನಿಧಾನವಾಗಿ ಮೂರು ದಿನ. ಇದೆಲ್ಲ ಉಳಿತಾಯವೇ. ಆದರೆ ಅದು ವ್ಯಾನಿನ ಗುಣವಲ್ಲ, ಹೋದ ರೀತಿಯ ಗುಣ. ಕಡಿಮೆ ದೂರ, ತುಂಬಿದ ಸೀಟು, ಹೆಚ್ಚು ದಿನ. ಅಜ್ಜಿಯ ಕಮಾನು ಗಾಡಿಯೂ ಇದೇ ಲೆಕ್ಕದಲ್ಲಿ ಓಡುತ್ತಿದ್ದುದು. ಇನ್ನು ಬಸ್ಸು ಹತ್ತಲಾರದ ಅಜ್ಜಿಯನ್ನು ಯಾವ ಸೂತ್ರದಲ್ಲಿ ಕೂಡಿಸುವುದು? ಅದಕ್ಕೆ ನನ್ನ ರಿಪೋರ್ಟಿನಲ್ಲಿ ಕಾಲಂ ಇರಲಿಲ್ಲ.

ಮನೆಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಬಸ್ಸು, ರೈಲಿನಲ್ಲಿ ಹೋಗಲಾಗದವರು ಜೊತೆಗಿದ್ದರೆ, ನಾಲ್ಕು ಸೀಟೂ ತುಂಬಿದ್ದರೆ ಮಾತ್ರ ಓಮ್ನಿ. ಈ ನಿಯಮಕ್ಕೆ ಫೆಬ್ರುವರಿಯಲ್ಲೇ ಪರೀಕ್ಷೆ ಬಂತು. ಕ್ಲಾಸಿನ ಗೆಳತಿಯರು "ನಿಮ್ಮ ವ್ಯಾನಲ್ಲಿ ಗೋವಾಕ್ಕೆ ಹೋಗೋಣ, ಎಂಥ ಮಸ್ತ್ ರೀಲ್ ಬರುತ್ತೆ ಗೊತ್ತಾ?" ಎಂದು ದುಂಬಾಲು ಬಿದ್ದರು. ಹೋಗಿಬರಲು ಸಾವಿರದ ನೂರು ಕಿ.ಮೀ. ಮೇಲೆ, ಪೆಟ್ರೋಲಿಗೇ ಎಂಟೂವರೆ ಸಾವಿರ, 190 ಕೆ.ಜಿ. ಹೊಗೆ. ಬೋರ್ಡಿನ ಮೇಲೆ ಬರೆದು ತೋರಿಸಿದೆ. ಇಬ್ಬರು ಮುನಿಸಿಕೊಂಡರು. ಉಳಿದ ನಾವು ಮೂವರು ಯಶವಂತಪುರದಿಂದ ವಾಸ್ಕೋ ರೈಲು ಹತ್ತಿದೆವು. ಸ್ಲೀಪರ್ ಬೋಗಿಯ ಮೇಲಿನ ಬರ್ತಿನಲ್ಲಿ ಮಲಗಿ ಯೋಚಿಸಿದೆ, ಇದೂ ಮಲಗಿಕೊಂಡು ಹೋಗುವ ಗಾಡಿಯೇ ತಾನೆ! ಶೌಚಾಲಯವೂ ಇದೆ.

ಲ್ಯಾಪ್‌ಟಾಪ್ ಇನ್ನೂ ಕೊಂಡಿಲ್ಲ. ಕಾಲೇಜಿನ ಲ್ಯಾಬಿನಲ್ಲಿ, ಗೆಳತಿಯ ಮನೆಯಲ್ಲಿ ಹೇಗೋ ನಡೆಯುತ್ತಿದೆ. ಟ್ಯೂಷನ್‌ಗೆ ಇನ್ನಿಬ್ಬರು ಮಕ್ಕಳು ಸೇರಿದ್ದಾರೆ. ವ್ಯಾನಿನ ಆರ್‌ಸಿ 2029ರವರೆಗಿದೆ. ಆಮೇಲೆ ಅದೂ ಗುಜರಿಗೆ ಹೋಗಬಹುದು. ಅಜ್ಜಿ ಮಾತ್ರ ಪಂಚಾಂಗ ತೆಗೆಸಿ ಮುಂದಿನ ಪುಷ್ಯ ಷಷ್ಠಿ ಯಾವತ್ತು ಎಂದು ಈಗಲೇ ಕೇಳುತ್ತಿದ್ದಾರೆ.

ನೀವೂ ಹೊರಡುವುದಾದರೆ

* ಮೊದಲು ಬಸ್ಸು, ರೈಲು ಇದೆಯೇ ನೋಡಿ. ಯಲಹಂಕದಿಂದ ನಂದಿಗೆ ಚಿಕ್ಕಬಳ್ಳಾಪುರ ಮಾರ್ಗದ ರೈಲಿದೆ, ನಂದಿ ಹಾಲ್ಟ್‌ನಲ್ಲಿ ಇಳಿಯಬಹುದು.
* ವಾಹನಕ್ಕೆ ಶಾಶ್ವತ ಮಾರ್ಪಾಡು ಮಾಡಬೇಡಿ. ತೆಗೆದಿಡಬಹುದಾದ ಹಲಗೆ, ಪೆಟ್ಟಿಗೆ ಸಾಕು.
* ಎಂಜಿನ್ ಚಾಲೂ ಇಟ್ಟು ಮಲಗಬೇಡಿ, ವ್ಯಾನಿನೊಳಗೆ ಒಲೆ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಕಿಟಕಿ ಎರಡು ಬೆರಳಷ್ಟು ತೆರೆದಿರಲಿ.
* ಕಾಡಿನ ರಸ್ತೆಯಲ್ಲಿ ರಾತ್ರಿ ನಿಲ್ಲಿಸುವ ಆಸೆ ಬಿಡಿ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವೇ ನಿಷಿದ್ಧ. ಜಾಗದ ಮಾಲೀಕರನ್ನು ಕೇಳಿಯೇ ನಿಲ್ಲಿಸಿ.
* ಕಸ, ಕೊಳೆ ನೀರು ನಿಮ್ಮ ಜೊತೆಗೇ ವಾಪಸು ಬರಲಿ.
* ಮನೆಯಲ್ಲಿ ಹಿರಿಯರಿದ್ದರೆ ಹೊರಡುವ ಮುನ್ನ ಒಂದು ಸಲ ಕೇಳಿ. ಅವರು ಆಗಲೇ ಹೋಗಿಬಂದಿರುತ್ತಾರೆ.